ದುಡಿಮೆಯ ಬಳಲಿಕೆ: ಗುರುತಿಸುವ ಬಗೆ, ಅಳೆಯುವ ಕ್ರಮ

ಪ್ರತಿಯೊಂದು ಉದ್ದಿಮೆಯೂ ವರ್ಷಾಂತ್ಯದಲ್ಲಿ ತನ್ನ ಯಂತ್ರೋಪಕರಣಗಳ ಸವಕಳಿಯನ್ನು ಲೆಕ್ಕ ಹಾಕುತ್ತದೆ. ಗೋಕುಲ ರಸ್ತೆಯ ಕಾರ್ಖಾನೆಯ ಲೇಥ್ ಇರಲಿ, ತಾರಿಹಾಳದ ಘಟಕದ ಪ್ರೆಸ್ ಇರಲಿ, ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿರುವ ಅಡತಿ ಅಂಗಡಿಯ ತೂಕದ ಯಂತ್ರವಿರಲಿ, ಬಳಸಿದಷ್ಟೂ ಸವೆಯುತ್ತದೆಂಬುದನ್ನು ಮಾಲೀಕರು ಒಪ್ಪುತ್ತಾರೆ. ಸವೆದ ಭಾಗವನ್ನು ಬದಲಿಸಲು ಹಣವನ್ನೂ ತೆಗೆದಿರಿಸುತ್ತಾರೆ. ಆದರೆ ಆ ಯಂತ್ರವನ್ನು ನಡೆಸುವ, ಆ ತೂಕವನ್ನು ಬರೆದುಕೊಳ್ಳುವ, ಆ ಬರಹವನ್ನು ಕಿರ್ದಿಯಿಂದ ಖತಾವಣಿಗೆ ಏರಿಸುವ ಮನುಷ್ಯನ ಸವಕಳಿಗೆ ಯಾವ ಅಢಾವೆ ಪತ್ರಿಕೆಯಲ್ಲಿಯೂ ಜಾಗವಿಲ್ಲ. ಹತ್ತು ಹದಿನೈದು ವರ್ಷ ನಂಬಿಕೆಯಿಂದ ದುಡಿದ ಗುಮಾಸ್ತರು ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಾಗ, ಅಥವಾ ಎಂದೂ ತಪ್ಪದವರು ಮೇಲಿಂದ ಮೇಲೆ ತಪ್ಪತೊಡಗಿದಾಗ, ಮಾಲೀಕರಿಗೆ ಆಶ್ಚರ್ಯವಾಗುತ್ತದೆ. ವಾಸ್ತವದಲ್ಲಿ ಆ ಸವಕಳಿ ಬಹಳ ದಿನಗಳಿಂದ ನಡೆದಿರುತ್ತದೆ. ಅದನ್ನು ಯಾರೂ ದಾಖಲಿಸಿರುವುದಿಲ್ಲ, ಅಷ್ಟೆ.

ಈ ಸ್ಥಿತಿಗೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಹೆಸರು ಬರ್ನ್‌ಔಟ್. ಕನ್ನಡದಲ್ಲಿ ಇದನ್ನು ವೃತ್ತಿಬಳಲಿಕೆ ಎನ್ನಬಹುದು. ಇದನ್ನು ಗುರುತಿಸುವುದು ಹೇಗೆ, ಅಳೆಯುವುದು ಹೇಗೆ, ನಮ್ಮ ಅವಳಿ ನಗರದ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ಇದರ ಬಗ್ಗೆ ಏನು ಮಾಡಬಹುದು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಪದದ ಹಿನ್ನೆಲೆ ಮತ್ತು ಅರ್ಥ

ಈ ಪದವನ್ನು ಶಾಸ್ತ್ರೀಯ ಚರ್ಚೆಗೆ ತಂದವರು ಅಮೆರಿಕೆಯ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದ ಕಾರ್ಯಕರ್ತರು ಮೊದಲು ತುಂಬು ಉತ್ಸಾಹದಿಂದ ದುಡಿದು, ಕ್ರಮೇಣ ಬತ್ತಿಹೋಗುವುದನ್ನು ಕಂಡು ಅವರು 1974ರಲ್ಲಿ ಲೇಖನ ಪ್ರಕಟಿಸಿದರು. ಗಮನಿಸಬೇಕಾದ ಅಂಶವೆಂದರೆ, ಬಳಲಿದವರು ಸೋಮಾರಿಗಳಾಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ದುಡಿದವರೇ ಆಗಿದ್ದರು. ನಂತರ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಸಂಶೋಧಕಿಯರು 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಸ್ಥಾನ ದೊರೆತಿದೆ. ಆದರೆ ಅದನ್ನು ರೋಗವೆಂದು ಪರಿಗಣಿಸಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ಒಂದು ವಿದ್ಯಮಾನವೆಂದು ಕರೆದಿದೆ. ಸರಿಯಾಗಿ ನಿಭಾಯಿಸದೆ ಉಳಿದ, ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮವೆಂದು ಅದನ್ನು ವಿವರಿಸಲಾಗಿದೆ. ಈ ವ್ಯಾಖ್ಯೆಯಲ್ಲಿ ಉದ್ಯಮಿಗಳಿಗೆ ಒಂದು ಮುಖ್ಯ ಸೂಚನೆ ಅಡಗಿದೆ. ಕಾರಣವು ಕೆಲಸದಲ್ಲಿದ್ದರೆ ಪರಿಹಾರವನ್ನೂ ಕೆಲಸದ ವ್ಯವಸ್ಥೆಯಲ್ಲಿಯೇ ಹುಡುಕಬೇಕಾಗುತ್ತದೆ. ನೌಕರನಿಗೆ ಔಷಧ ಕೊಡಿಸಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ.

ಮೂರು ಲಕ್ಷಣಗಳು

ಮೇಲೆ ಹೇಳಿದ ವರ್ಗೀಕರಣವು ವೃತ್ತಿಬಳಲಿಕೆಗೆ ಮೂರು ಮುಖಗಳನ್ನು ಗುರುತಿಸುತ್ತದೆ.

1. ಶಕ್ತಿ ಬತ್ತಿಹೋಗುವುದು: ರಾತ್ರಿ ನಿದ್ರೆ ಮಾಡಿದರೂ, ರವಿವಾರ ಬಿಡುವು ಸಿಕ್ಕರೂ ದಣಿವು ಆರುವುದಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಸಂಜೆಯ ಆಯಾಸ ಬಂದಿರುತ್ತದೆ.

2. ಕೆಲಸದಿಂದ ಮನಸ್ಸು ದೂರವಾಗುವುದು: ಗಿರಾಕಿಯೊಂದಿಗೆ ನಗುತ್ತ ಮಾತನಾಡುತ್ತಿದ್ದವರು ಸಿಡುಕುತ್ತಾರೆ, "ಏನು ಮಾಡಿದರೂ ಅಷ್ಟೇ" ಎಂಬ ಉದಾಸೀನ ಮೂಡುತ್ತದೆ, ಸಹೋದ್ಯೋಗಿಗಳ ಜೊತೆ ಚಹಾಕ್ಕೆ ಹೋಗುವುದನ್ನೂ ಬಿಡುತ್ತಾರೆ.

3. ಸಾಮರ್ಥ್ಯ ಕುಗ್ಗುವುದು: ಒಂದು ತಾಸಿನ ಕೆಲಸಕ್ಕೆ ಮೂರು ತಾಸು ಹಿಡಿಯುತ್ತದೆ; ತಾಳೇಪಟ್ಟಿ ಹೊಂದುವುದಿಲ್ಲ; ತಾನು ಮಾಡಿದ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲದೆ ನಾಲ್ಕು ಸಲ ಪರೀಕ್ಷಿಸುತ್ತಾರೆ, ಆದರೂ ತಪ್ಪು ಉಳಿಯುತ್ತದೆ.

ಮೊದಲನೆಯ ಲಕ್ಷಣವೊಂದೇ ಇದ್ದರೆ ಅದು ಸಾಮಾನ್ಯ ದಣಿವಾಗಿರಬಹುದು. ಸುಗ್ಗಿಯ ಕಾಲದಲ್ಲಿ ಹತ್ತಿ, ಶೇಂಗಾ, ಮೆಣಸಿನಕಾಯಿಯ ಆವಕ ಹೆಚ್ಚಿದಾಗ ಎಲ್ಲರೂ ದಣಿಯುತ್ತಾರೆ. ಆವಕ ಇಳಿದ ಮೇಲೆ ನಾಲ್ಕು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಬಿಡುವು ದೊರೆತ ಬಳಿಕವೂ ಆರದ ದಣಿವು, ಅದರ ಜೊತೆಗೆ ಉದಾಸೀನ ಮತ್ತು ಕುಗ್ಗಿದ ಕಾರ್ಯಕ್ಷಮತೆ, ಇವು ಮೂರೂ ವಾರಗಟ್ಟಲೆ ಒಟ್ಟಿಗೆ ಕಂಡುಬಂದರೆ ವೃತ್ತಿಬಳಲಿಕೆಯನ್ನು ಶಂಕಿಸಬೇಕು.

ಯಾವುದು ವೃತ್ತಿಬಳಲಿಕೆಯಲ್ಲ?

ಇಲ್ಲಿ ಎಚ್ಚರಿಕೆ ಅವಶ್ಯ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೆಲ್ಲವೂ ಇಂಥದೇ ದಣಿವನ್ನು ತರುತ್ತವೆ. ಆದ್ದರಿಂದ ಮೊದಲು ವೈದ್ಯರಿಂದ ದೇಹಪರೀಕ್ಷೆ ಮಾಡಿಸುವುದು ಸೂಕ್ತ. ಇನ್ನು ಖಿನ್ನತೆಯ ವಿಷಯ. ವೃತ್ತಿಬಳಲಿಕೆಯು ಕೆಲಸದ ಸಂದರ್ಭಕ್ಕೆ ಸೀಮಿತ. ಊರಿಗೆ ಹೋಗಿ ಹೊಲದಲ್ಲಿ ಓಡಾಡಿದಾಗ, ಮಕ್ಕಳೊಂದಿಗೆ ಕುಳಿತಾಗ ಮನಸ್ಸು ಅರಳುವುದುಂಟು. ಖಿನ್ನತೆಯಲ್ಲಿ ಮನೆ, ಹಬ್ಬ, ಊಟ, ನಿದ್ರೆ ಯಾವುದರಲ್ಲಿಯೂ ರುಚಿ ಉಳಿಯುವುದಿಲ್ಲ. ತಾನು ನಿಷ್ಪ್ರಯೋಜಕನೆಂಬ ಭಾವನೆ, ಬದುಕೇ ಬೇಡವೆಂಬ ಮಾತು ಕೇಳಿಬರುತ್ತದೆ. ಅಂಥ ಮಾತು ಒಮ್ಮೆ ಕಿವಿಗೆ ಬಿದ್ದರೂ ಪ್ರಶ್ನಾವಳಿ, ಅಂಕಗಳಿಗಾಗಿ ಕಾಯದೆ ತಜ್ಞರ ನೆರವು ಪಡೆಯಬೇಕು. ಎರಡೂ ಸ್ಥಿತಿಗಳು ಒಬ್ಬರಲ್ಲಿಯೇ ಇರುವ ಸಾಧ್ಯತೆಯೂ ಇದೆ. ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ, ಮಾಲೀಕರದಲ್ಲ.

ಈ ವಿಷಯದಲ್ಲಿ ನಮ್ಮ ಭಾಗದವರು ಭಾಗ್ಯವಂತರು. ಡಿಮ್ಹಾನ್ಸ್ ಎಂದೇ ಪರಿಚಿತವಾದ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಸಮೀಪದಲ್ಲಿಯೇ ಇದೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ, ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಸಂಸ್ಥೆಯ ಸೂಚನಾ ಫಲಕದ ಮೇಲೆ ಬರೆದಿಡುವುದಕ್ಕೆ ಒಂದು ಹಾಳೆಗಿಂತ ಹೆಚ್ಚಿನ ಖರ್ಚಿಲ್ಲ.

ಕಾರಣಗಳು: ಲೆಕ್ಕದ ಮೇಜಿನ ಒಂದು ನಿದರ್ಶನ

ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅವರು ಕೆಲಸದ ಆರು ಕ್ಷೇತ್ರಗಳನ್ನು ಹೆಸರಿಸಿದ್ದಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಬಾಂಧವ್ಯ, ನ್ಯಾಯ ಮತ್ತು ಮೌಲ್ಯಗಳು. ಈ ಆರರಲ್ಲಿ ಮನುಷ್ಯನಿಗೂ ಅವನ ಕೆಲಸಕ್ಕೂ ಹೊಂದಾಣಿಕೆ ತಪ್ಪಿದಷ್ಟೂ ಬಳಲಿಕೆ ಹೆಚ್ಚು. ಇದಕ್ಕೂ ಮೊದಲು 1979ರಲ್ಲಿ ರಾಬರ್ಟ್ ಕರಾಸೆಕ್ ಅವರು, ಬೇಡಿಕೆ ಹೆಚ್ಚು ಮತ್ತು ಹಿಡಿತ ಕಡಿಮೆ ಇರುವ ಕೆಲಸವೇ ಅತ್ಯಂತ ಒತ್ತಡದ್ದೆಂದು ತೋರಿಸಿಕೊಟ್ಟಿದ್ದರು.

ಈ ತತ್ತ್ವವನ್ನು ಅರಿಯಲು ಸದಸ್ಯರು ತಮ್ಮ ಸಂಸ್ಥೆಯ ಲೆಕ್ಕದ ಮೇಜನ್ನೊಮ್ಮೆ ನೋಡಿದರೆ ಸಾಕು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಅಕೌಂಟೆಂಟರ ತಿಂಗಳು ತಾರೀಖುಗಳಿಂದ ತುಂಬಿದೆ. 7ಕ್ಕೆ ಮೂಲದಲ್ಲಿ ಕಡಿತ ಮಾಡಿದ ತೆರಿಗೆಯ ಪಾವತಿ, ಮಾಸಿಕ ವಿವರಣೆ ಸಲ್ಲಿಸುವವರಿಗೆ 11ಕ್ಕೆ ಮಾರಾಟದ ವಿವರ, 15ಕ್ಕೆ ಭವಿಷ್ಯನಿಧಿ ಮತ್ತು ಇ.ಎಸ್.ಐ., 20ಕ್ಕೆ ಜಿಎಸ್‌ಟಿಆರ್-3ಬಿ. ಇವುಗಳ ನಡುವೆ ಮುಂಗಡ ತೆರಿಗೆ, ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್, ಇ-ವೇ ಬಿಲ್ಲು. ಬೇಸಿಗೆಯಲ್ಲಿ ವರ್ಷಾಂತ್ಯದ ಲೆಕ್ಕ. ಮಳೆಗಾಲದಿಂದ ದೀಪಾವಳಿಯವರೆಗೆ ತೆರಿಗೆ ವಿವರಣೆ ಹಾಗೂ ತೆರಿಗೆ ಲೆಕ್ಕಪರಿಶೋಧನೆ.

ಕೆಲಸ ಹೆಚ್ಚಿರುವುದು ಇದರ ಒಂದು ಭಾಗ ಮಾತ್ರ. ಖರೀದಿಯ ಮೇಲಿನ ತೆರಿಗೆ ಜಮೆ ದೊರೆಯಬೇಕಾದರೆ ಮಾರಿದವರು ತಮ್ಮ ವಿವರಣೆಯಲ್ಲಿ ಆ ಬಿಲ್ಲನ್ನು ತೋರಿಸಿರಬೇಕು. ಅವರು ತೋರಿಸದಿದ್ದರೆ ಇಲ್ಲಿನ ಅಕೌಂಟೆಂಟರು ಫೋನು ಮಾಡುತ್ತ ಕೂಡಬೇಕು. ಮಾಲೀಕರು ಬಿಲ್ಲುಗಳ ಕಟ್ಟನ್ನು 18ರ ಸಂಜೆ ಕೊಡುತ್ತಾರೆ. 20ರಂದು ಜಾಲತಾಣ ನಿಧಾನವಾಗುತ್ತದೆ. ತಡವಾದರೆ ವಿಳಂಬ ಶುಲ್ಕ, ಬಡ್ಡಿ. ಅದರ ಮಾತು ಕೇಳಬೇಕಾದವರು ಮಾತ್ರ ಅಕೌಂಟೆಂಟರು. ತನ್ನ ಕೈಯಲ್ಲಿಲ್ಲದ ಮೂರು ಸಂಗತಿಗಳಿಗೆ ತಾನೇ ಹೊಣೆಯಾಗುವ ಈ ಸ್ಥಿತಿಯೇ ಕರಾಸೆಕ್ ಅವರು ಹೇಳಿದ ಅಧಿಕ ಬೇಡಿಕೆ, ಅಲ್ಪ ಹಿಡಿತದ ಕೆಲಸ.

ಇಂಥದೇ ಚಿತ್ರವನ್ನು ಬೇರೆ ಕಡೆಗೂ ಕಾಣಬಹುದು. ವಸೂಲಿಗೆ ತಿರುಗುವ ಪ್ರತಿನಿಧಿ, ಗುರಿ ಮುಟ್ಟಬೇಕಾದ ಬ್ಯಾಂಕಿನ ಶಾಖಾ ವ್ಯವಸ್ಥಾಪಕರು, ಸಮಯಪಟ್ಟಿ ಮತ್ತು ಸಂಚಾರದಟ್ಟಣೆಯ ನಡುವೆ ಸಿಲುಕಿದ ಬಸ್ ಚಾಲಕ, ಪಾಳಿ ಬದಲಾಗುತ್ತಲೇ ಇರುವ ದಾದಿ, ಇವರೆಲ್ಲರೂ ಇದೇ ಸಾಲಿನವರು.

ದೀರ್ಘ ಅವಧಿಯ ದುಡಿಮೆಯ ಅಪಾಯ ಕೇವಲ ಮನಸ್ಸಿಗೆ ಸೀಮಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾವಿನ ಅಪಾಯ ಶೇ. 17ರಷ್ಟು ಹೆಚ್ಚು. 2024ರ ಜುಲೈನಲ್ಲಿ ಪುಣೆಯ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಯುವತಿ ತೀರಿಕೊಂಡರು. ಮಗಳ ಮೇಲೆ ಹೇರಿದ ಕೆಲಸದ ಹೊರೆಯನ್ನು ಕುರಿತು ಆಕೆಯ ತಾಯಿ ಬರೆದ ಪತ್ರವು ದೇಶದ ತುಂಬ ಚರ್ಚೆಯಾಯಿತು. ಕೆಲಸದ ಒತ್ತಡವೇ ಕಾರಣವೆಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಕಾರಣದ ಚರ್ಚೆ ಏನೇ ಇರಲಿ, ಆ ಪತ್ರವನ್ನು ಓದಿದ ಎಷ್ಟೋ ತಂದೆ ತಾಯಿಗಳು ತಮ್ಮ ಮಕ್ಕಳಿಗೆ ಅಂದು ಫೋನು ಮಾಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅಳತೆಯ ಸಾಧನಗಳು

ವೃತ್ತಿಬಳಲಿಕೆಯನ್ನು ಅಳೆಯಲು ಹಲವು ಪ್ರಶ್ನಾವಳಿಗಳಿವೆ. ಮಾಸ್ಲಾಕ್ ಪ್ರಶ್ನಾವಳಿಯ ಮೂಲ ರೂಪದಲ್ಲಿ 22 ಹೇಳಿಕೆಗಳಿವೆ. ಪ್ರತಿಯೊಂದು ಭಾವನೆ ಎಷ್ಟು ಸಲ ಉಂಟಾಗುತ್ತದೆ ಎಂಬುದನ್ನು 'ಎಂದಿಗೂ ಇಲ್ಲ' ಎಂಬುದಕ್ಕೆ 0ಯಿಂದ ಹಿಡಿದು 'ಪ್ರತಿದಿನ' ಎಂಬುದಕ್ಕೆ 6ರವರೆಗೆ ಗುರುತಿಸಬೇಕು. ದಣಿವು, ದೂರವಾಗುವಿಕೆ, ಸಾಧನೆಯ ಭಾವನೆ ಇವುಗಳ ಅಂಕಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಮೂರನ್ನೂ ಕೂಡಿಸಿ ಒಂದೇ ಮೊತ್ತ ಮಾಡುವಂತಿಲ್ಲ. ಇದರ ಬಳಕೆಗೆ ಪ್ರಕಾಶಕರಿಂದ ಪರವಾನಿಗೆ ಬೇಕು.

ಸಣ್ಣ ಸಂಸ್ಥೆಗಳಿಗೆ ಅನುಕೂಲವಾದದ್ದು ಡೆನ್ಮಾರ್ಕಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಕೋಪನ್‌ಹೇಗನ್ ಪ್ರಶ್ನಾವಳಿ. ಇದರಲ್ಲಿ 19 ಪ್ರಶ್ನೆಗಳು: ವೈಯಕ್ತಿಕ ಬಳಲಿಕೆಗೆ 6, ಕೆಲಸದ ಬಳಲಿಕೆಗೆ 7, ಗಿರಾಕಿಗಳೊಂದಿಗಿನ ವ್ಯವಹಾರದಿಂದಾಗುವ ಬಳಲಿಕೆಗೆ 6. ಪ್ರತಿ ಉತ್ತರಕ್ಕೆ 0, 25, 50, 75 ಅಥವಾ 100 ಅಂಕ. ಒಂದು ಪ್ರಶ್ನೆಗೆ ಮಾತ್ರ ಅಂಕಗಳನ್ನು ತಿರುವುಮುರುವಾಗಿ ಹಾಕಬೇಕು. ಅದು ಬಿಡುವಿನ ವೇಳೆಯಲ್ಲಿ ಮನೆಯವರಿಗಾಗಿ ಚೈತನ್ಯ ಉಳಿದಿರುತ್ತದೆಯೇ ಎಂಬ ಪ್ರಶ್ನೆ. ಉದಾಹರಣೆಗೆ, ಕೆಲಸದ ಬಳಲಿಕೆಯ ಏಳು ಉತ್ತರಗಳಿಗೆ 75, 50, 75, 50, 50, 75, 25 ಅಂಕಗಳು ಬಂದರೆ ಮೊತ್ತ 400, ಸರಾಸರಿ ಸುಮಾರು 57. ಅನೇಕ ಅಧ್ಯಯನಗಳಲ್ಲಿ 50 ಮತ್ತು ಅದಕ್ಕೆ ಮೇಲ್ಪಟ್ಟ ಸರಾಸರಿಯನ್ನು ಗಮನಿಸಬೇಕಾದ ಮಟ್ಟವೆಂದು ಪರಿಗಣಿಸಲಾಗಿದೆ.

ಆದರೆ ಈ ಅಂಕವು ಥರ್ಮಾಮೀಟರಿನ ಅಂಕದಂತೆ. ಜ್ವರವಿದೆ ಎಂದು ಅದು ಹೇಳೀತು; ಯಾವ ಜ್ವರವೆಂದು ಹೇಳದು. ಇದನ್ನಾಧರಿಸಿ ಯಾರಿಗೂ ರೋಗದ ಹೆಸರು ಹಚ್ಚಬಾರದು, ಯಾರ ಬಡ್ತಿಯನ್ನೂ ತಡೆಯಬಾರದು. ನೌಕರರು ಮಾಲೀಕರ ಎದುರಿನಲ್ಲಿ ಹೆಸರು ಬರೆದು ತುಂಬಿದ ಪ್ರಶ್ನಾವಳಿಯಲ್ಲಿ ಎಲ್ಲರೂ ಸುಖಿಗಳೇ ಆಗಿರುತ್ತಾರೆ. ಹೆಸರಿಲ್ಲದೆ ತುಂಬಿಸಿ, ವಿಭಾಗವಾರು ಸರಾಸರಿಯನ್ನಷ್ಟೇ ನೋಡಬೇಕು.

ಸಣ್ಣ ಸಂಸ್ಥೆಗೆ ದಾಖಲೆಯೇ ಸಾಕ್ಷಿ

ನಮ್ಮಲ್ಲಿಯ ಅನೇಕ ಅಂಗಡಿ, ಆಫೀಸುಗಳಲ್ಲಿ ನಾಲ್ಕಾರು ಜನ ಮಾತ್ರ ಇರುತ್ತಾರೆ. ಅಲ್ಲಿ ಹೆಸರಿಲ್ಲದ ಪ್ರಶ್ನಾವಳಿ ಸಾಧ್ಯವಿಲ್ಲ. ಅಕ್ಷರ ನೋಡಿದರೇ ಯಾರೆಂದು ತಿಳಿಯುತ್ತದೆ. ಅಂಥ ಕಡೆ ಸಂಸ್ಥೆಯ ಬಳಿ ಈಗಾಗಲೇ ಇರುವ ದಾಖಲೆಗಳೇ ಸಾಕ್ಷಿ ನುಡಿಯುತ್ತವೆ. ವರ್ಷದ ದಾಖಲೆಗಳನ್ನು ಮುಂದಿಟ್ಟುಕೊಂಡು ಈ ಕೆಳಗಿನವುಗಳನ್ನು ಪರಿಶೀಲಿಸಬಹುದು:

ಅ) ಹಾಜರಿ ಪುಸ್ತಕ: ಯಾರು ಎಷ್ಟು ದಿನ ನಿಗದಿತ ವೇಳೆ ಮೀರಿ ಕುಳಿತರು? ಒಬ್ಬರೇ ಸತತವಾಗಿ ಕುಳಿತಿದ್ದಾರೆಯೇ?

ಆ) ರಜೆಯ ಲೆಕ್ಕ: ಬಿಡಿ ಬಿಡಿಯಾಗಿ ಸೋಮವಾರದ ರಜೆಗಳು ಹೆಚ್ಚಾಗಿವೆಯೇ? ವರ್ಷವಿಡೀ ರಜೆಯನ್ನೇ ಪಡೆಯದವರು ಯಾರು?

ಇ) ತಿದ್ದುಪಡಿಗಳು: ತಿದ್ದಿದ ಬಿಲ್ಲು, ಕ್ರೆಡಿಟ್ ನೋಟು, ಮರುಸಲ್ಲಿಕೆಯ ವಿವರಣೆಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಏರಿದೆಯೇ?

ಈ) ಬಾಕಿ: ಬ್ಯಾಂಕ್ ತಾಳೆ ಪಟ್ಟಿ ಯಾವ ತಿಂಗಳಿನಿಂದ ಹಿಂದೆ ಬಿದ್ದಿದೆ?

ಉ) ಬಿಟ್ಟುಹೋದವರು: ಎರಡು ಮೂರು ವರ್ಷಗಳಲ್ಲಿ ಒಂದೇ ಕುರ್ಚಿಯಿಂದ ಎಷ್ಟು ಜನ ಎದ್ದುಹೋದರು?

ಇವುಗಳಲ್ಲಿ ಕೊನೆಯದು ಬಹಳ ಮಹತ್ವದ್ದು. ಒಂದೇ ಕುರ್ಚಿಯಿಂದ ಮೂವರು ಎದ್ದುಹೋದರೆ ದೋಷ ಮೂವರಲ್ಲಿಲ್ಲ, ಕುರ್ಚಿಯಲ್ಲಿದೆ.

ರಜೆಯನ್ನೇ ಪಡೆಯದ ನೌಕರನನ್ನು ನಿಷ್ಠಾವಂತನೆಂದು ಹೊಗಳುವ ರೂಢಿ ನಮ್ಮಲ್ಲಿದೆ. ಲೆಕ್ಕಪರಿಶೋಧನೆಯ ದೃಷ್ಟಿಯಲ್ಲಿ ಅದು ಹೊಗಳಿಕೆಯ ವಿಷಯವಲ್ಲ. ಭಾರತೀಯ ರಿಜರ್ವ್ ಬ್ಯಾಂಕು 2021ರ ಸುತ್ತೋಲೆಯಲ್ಲಿ, ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಸತತ 10 ಕೆಲಸದ ದಿನಗಳಿಗೆ ಕಡಿಮೆಯಿಲ್ಲದಂತೆ ರಜೆಯ ಮೇಲೆ ಕಳಿಸಬೇಕೆಂದು ಹೇಳಿತು. ಅಲ್ಲಿನ ಉದ್ದೇಶ ವಂಚನೆಯನ್ನು ಪತ್ತೆ ಹಚ್ಚುವುದು. ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿಯುವುದು, ದಣಿದವರಿಗೆ ಬಿಡುವು ದೊರೆಯುವುದು, ಗುಪ್ತ ತಪ್ಪು ಹೊರಬೀಳುವುದು, ಈ ಮೂರೂ ಕೆಲಸ ಒಂದೇ ನಿಯಮದಿಂದ ಆಗುತ್ತವೆ. ಖಾಸಗಿ ಸಂಸ್ಥೆಗಳೂ ಇದನ್ನು ಅಳವಡಿಸಿಕೊಳ್ಳಬಹುದು.

ಕಾನೂನಿನ ಚೌಕಟ್ಟು

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಮೂಲ ಕಾಯ್ದೆಯು ದಿನಕ್ಕೆ 9 ಮತ್ತು ವಾರಕ್ಕೆ 48 ತಾಸುಗಳ ಮಿತಿಯನ್ನು ವಿಧಿಸಿತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನ, ವಾರದ ರಜೆಗಳನ್ನೂ ಕಡ್ಡಾಯಗೊಳಿಸಿತು. ಸ್ವಾರಸ್ಯವೆಂದರೆ, ದಾಸ್ತಾನು ಎಣಿಕೆ ಮತ್ತು ಲೆಕ್ಕ ತಯಾರಿಕೆಯ ದಿನಗಳಿಗೆ ದೈನಂದಿನ ಗರಿಷ್ಠ ಮಿತಿಯಿಂದ ಅದು ವಿನಾಯಿತಿ ನೀಡಿತು. ವರ್ಷದಲ್ಲಿ ಕೆಲವೇ ದಿನಗಳು ಲೆಕ್ಕಕ್ಕೆ ಮೀಸಲಾಗಿದ್ದ ಕಾಲದ ಮಾತದು. ಇಂದು ಪ್ರತಿ ತಿಂಗಳೂ ಲೆಕ್ಕದ ತಿಂಗಳೇ ಆಗಿರುವುದರಿಂದ ಆ ವಿನಾಯಿತಿಯನ್ನು ವರ್ಷವಿಡೀ ಎಳೆಯುವುದು ಕಾಯ್ದೆಯ ಆಶಯಕ್ಕೆ ಹೊಂದದು. ಈಚಿನ ತಿದ್ದುಪಡಿಗಳನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಒಳಿತು.

ಅಲಕ್ಷ್ಯದ ಬೆಲೆ

ಮಾನವೀಯತೆಯ ಮಾತನ್ನು ಬದಿಗಿಟ್ಟು ಕೇವಲ ರೂಪಾಯಿಯಲ್ಲಿ ನೋಡಿದರೂ ಲೆಕ್ಕ ಸ್ಪಷ್ಟವಿದೆ. ಐದು ಲಕ್ಷ ರೂಪಾಯಿ ಮೌಲ್ಯದ ಒಂದು ಖರೀದಿ ಬಿಲ್ಲಿನ ಮೇಲೆ ಶೇ. 18ರಂತೆ ತೆರಿಗೆ ₹90,000. ಬಳಲಿದ ಅಕೌಂಟೆಂಟರ ಕಣ್ತಪ್ಪಿನಿಂದ ಆ ಬಿಲ್ಲು ದಾಖಲಾಗದೆ ಉಳಿದು, ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವ ದಿನ ದಾಟಿತೆಂದರೆ ಆ ಜಮೆಯ ಹಕ್ಕು ಹೋಯಿತು. ಆ ಅಕೌಂಟೆಂಟರ ಸಂಬಳ ತಿಂಗಳಿಗೆ ₹25,000 ಇದ್ದರೆ, ಒಂದು ಬಿಲ್ಲಿನ ನಷ್ಟವು ಅವರ ಮೂರೂವರೆ ತಿಂಗಳ ಸಂಬಳಕ್ಕಿಂತ ಹೆಚ್ಚು. ಅಷ್ಟು ಹಣದಲ್ಲಿ ಒತ್ತಡದ ತಿಂಗಳುಗಳಿಗೆ ಒಬ್ಬ ಸಹಾಯಕನನ್ನು ಇರಿಸಿಕೊಳ್ಳಬಹುದಿತ್ತು.

ಕೈಗೊಳ್ಳಬಹುದಾದ ಕ್ರಮಗಳು

1. ಬಿಲ್ಲುಗಳನ್ನು ವಾರಕ್ಕೊಮ್ಮೆ ಲೆಕ್ಕದ ವಿಭಾಗಕ್ಕೆ ಒಪ್ಪಿಸುವ ದಿನವನ್ನು ಗೊತ್ತುಪಡಿಸಬೇಕು. ಮಾಲೀಕರೂ ಅದಕ್ಕೆ ಬದ್ಧರಾಗಬೇಕು. ಕಡೆಯ ದಿನದ ಧಾವಂತದಲ್ಲಿ ಬಹುಪಾಲು ಇದರಿಂದಲೇ ಇಳಿಯುತ್ತದೆ.

2. ಸರಿಯಾಗಿ ವಿವರಣೆ ಸಲ್ಲಿಸದ ಮಾರಾಟಗಾರರೊಂದಿಗೆ ಮಾತನಾಡುವ ಹೊಣೆಯನ್ನು ಖರೀದಿಸಿದವರೇ ಹೊರಬೇಕು. ನಿರ್ಧರಿಸುವ ಅಧಿಕಾರ ಎಲ್ಲಿದೆಯೋ ಹೊಣೆಯೂ ಅಲ್ಲಿಯೇ ಇರಲಿ.

3. ಪ್ರತಿ ಮುಖ್ಯ ಕೆಲಸಕ್ಕೂ ಎರಡನೆಯವರೊಬ್ಬರು ತರಬೇತಾಗಿರಬೇಕು.

4. ರಾತ್ರಿ ಮತ್ತು ರವಿವಾರದ ಫೋನ್ ಕರೆಗಳಿಗೆ ಮಿತಿ ಬೇಕು. ಮೊಬೈಲು ಬಂದ ಮೇಲೆ ಅಂಗಡಿಯ ಬಾಗಿಲು ಹಾಕಿದರೂ ಅಂಗಡಿ ಮುಚ್ಚುವುದಿಲ್ಲ.

5. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರೊಂದಿಗೆ ಏಕಾಂತದಲ್ಲಿ ಮಾತನಾಡಬೇಕು. "ಏನಾದರೂ ತೊಂದರೆಯೇ?" ಎಂದು ಕೇಳಿದರೆ "ಏನಿಲ್ಲರೀ" ಎಂಬ ಉತ್ತರ ಬರುವುದು ಸಹಜ. "ಯಾವ ಕೆಲಸವನ್ನು ಬಿಟ್ಟರೆ ನಿಮಗೆ ಹಗುರವಾದೀತು?" ಎಂದು ಕೇಳಿದರೆ ನಿಜ ಹೊರಬರುತ್ತದೆ.

ಮಾಲೀಕರ ಬಳಲಿಕೆ

ನೌಕರನಿಗೆ ರಜೆ ಮಂಜೂರು ಮಾಡಲು ಮಾಲೀಕರಿದ್ದಾರೆ. ಮಾಲೀಕರಿಗೆ ಮಂಜೂರು ಮಾಡುವವರು ಯಾರೂ ಇಲ್ಲ. ಬಾರದ ಉದರಿ, ಬ್ಯಾಂಕಿನ ಕಂತು, ಮುಂದಿನ ಪೀಳಿಗೆ ವ್ಯಾಪಾರಕ್ಕೆ ಬರುವುದೋ ಇಲ್ಲವೋ ಎಂಬ ಚಿಂತೆ ಇವುಗಳನ್ನು ಅವರು ಮನೆಯಲ್ಲಿಯೂ ಹೇಳುವುದಿಲ್ಲ. ಮೇಲಿನ ಮೂರು ಲಕ್ಷಣಗಳನ್ನು ಅವರು ಮೊದಲು ತಮ್ಮಲ್ಲಿಯೇ ನೋಡಿಕೊಳ್ಳುವುದು ವಿಹಿತ. ಬಳಲಿದ ಯಜಮಾನನ ಸಿಡುಕು ಇಡೀ ಅಂಗಡಿಯ ಹವೆಯನ್ನೇ ಕೆಡಿಸುತ್ತದೆ.

ಕಾಯಕಕ್ಕೆ ಪೂಜೆಯ ಸ್ಥಾನ ಕೊಟ್ಟ ನಾಡು ಇದು. ಅದೇ ಶರಣ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇದೆ. ಪತಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳೆಂದು ಕಥೆ. ದುಡಿಮೆಯನ್ನು ಗೌರವಿಸಿದವರೇ ಅದರ ಅಳತೆಯನ್ನೂ ಬಲ್ಲವರಾಗಿದ್ದರು. ಮುಂದಿನ ವರ್ಷದ ಲೆಕ್ಕವನ್ನು ಮುಗಿಸುವ ಮೊದಲು ಪ್ರತಿಯೊಬ್ಬ ಸದಸ್ಯರೂ ಹಾಜರಿ ಪುಸ್ತಕ ಮತ್ತು ರಜೆಯ ಲೆಕ್ಕವನ್ನು ಒಂದು ತಾಸು ಮುಂದಿಟ್ಟುಕೊಂಡು ಕುಳಿತರೆ, ಯಾರ ಹೆಗಲ ಮೇಲೆ ನೊಗ ಭಾರವಾಗಿದೆ ಎಂಬುದು ಗೊತ್ತಾಗುತ್ತದೆ. ಎತ್ತು ಮಲಗಿದ ಮೇಲೆ ಭಾರ ಇಳಿಸುವುದಕ್ಕಿಂತ, ಅದು ನಡೆಯುತ್ತಿರುವಾಗಲೇ ಇಳಿಸುವುದು ಲೇಸು.